ಎಡೆಗಿಟ್ಟ ಇಂಗ್ಲೆಂಡ್ ಸೈಕಲ್ಲು

ನಮ್ಮ ಮನೆಯಲ್ಲಿ ಇಂಗ್ಲೆಂಡಿಗೆ ಹೋಗಿಬಂದವರು ಯಾರೂ ಇರಲಿಲ್ಲ. ಇಂಗ್ಲೆಂಡಿನಿಂದ ಬಂದದ್ದು ಮಾತ್ರ ಒಂದಿತ್ತು, ಅಪ್ಪನ ಸೈಕಲ್ಲು. ದೇವಲಾಪುರದ ಸುತ್ತಿನ ಹಳ್ಳಿಗಳಿಗೆಲ್ಲ ಅಪ್ಪ ದನದ ಆಸ್ಪತ್ರೆಯ ಕಾಂಪೌಂಡರು. ಕೆಚ್ಚಲು ಬಾವು ಬರಲಿ, ಹೊಟ್ಟೆ ಉಬ್ಬರಿಸಲಿ, ಕರು ಅಡ್ಡ ಸಿಕ್ಕಿಕೊಳ್ಳಲಿ, ಜನ ಮೊದಲು ಹೇಳಿಕಳಿಸುತ್ತಿದ್ದದ್ದು ಅಪ್ಪನಿಗೆ. ಔಷಧಿಯ ಪೆಟ್ಟಿಗೆಯನ್ನು ಕ್ಯಾರಿಯರ್‌ಗೆ ಹಗ್ಗದಲ್ಲಿ ಬಿಗಿದು, ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಬೆಳಗಿನ ಮುದ್ದೆ ಉಂಡು ಹೊರಟರೆ ದೀಪ ಹಚ್ಚುವ ಹೊತ್ತಿಗೆ ವಾಪಸ್ಸು.

ಅಪ್ಪ ಬರುವುದು ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಗೊತ್ತಾಗುತ್ತಿತ್ತು. ಆ ಸೈಕಲ್ಲಿನ ಹಿಂಚಕ್ರದ ನಡುವಿನ ಗುಂಬದೊಳಗೇ, ಹಬ್ಬು ಅನ್ನುತ್ತಾರಲ್ಲ, ಅಲ್ಲೇ ಮೂರು ಗೇರುಗಳಿದ್ದವು. ಬೇರೆಯವರ ಸೈಕಲ್ಲು ತುಳಿಯುವುದನ್ನು ನಿಲ್ಲಿಸಿದಾಗ ಮಾತ್ರ ಕಿರ್ರೆನ್ನುತ್ತದೆ. ಅಪ್ಪನದು ತುಳಿಯುತ್ತಿರುವಾಗಲೂ ಟಿಕ್, ಟಿಕ್, ಟಿಕ್ ಎಂದು ಬಿಡಿಬಿಡಿಯಾಗಿ ಸದ್ದು ಮಾಡುತ್ತಿತ್ತು. ಊರ ಮುಂದಿನ ಅರಳಿಕಟ್ಟೆಯ ಹತ್ತಿರ ಆ ಸದ್ದು ಕೇಳಿಸಿದರೆ ಅವ್ವ ಒಲೆಯ ಮುಂದಿನಿಂದ ಎದ್ದು, ಕಾಲು ತೊಳೆಯಲು ಚೊಂಬಿನಲ್ಲಿ ನೀರು ಹಿಡಿದು ಬಾಗಿಲಿಗೆ ಬರುತ್ತಿದ್ದಳು. ಅಪ್ಪ ಒಳಗೆ ಬಂದ ಮೇಲೆ, "ಬಂದ್ರು, ಬಾಗ್ಲಾಕವ್ವಾ," ಎಂದು ನನಗೆ ಹೇಳುತ್ತಿದ್ದಳು. ನಾನು ಅಗಣಿ ಹಾಕುತ್ತಿದ್ದೆ. ನಮ್ಮ ಮನೆಯಲ್ಲಿ ದಿನ ಮುಗಿಯುತ್ತಿದ್ದದ್ದು ಹಾಗೆ.

ಸೈಕಲ್ಲು ಬಂದದ್ದು ಅವ್ವನ ತವರು ಪಾಂಡವಪುರದಿಂದ. ಅಲ್ಲಿಯ ಕಡೆ ಕೆಲಸದಲ್ಲಿದ್ದ ಒಬ್ಬ ಎಂಜಿನಿಯರು ಊರು ಬಿಟ್ಟು ಹೋಗುವಾಗ ತನ್ನ ಸೈಕಲ್ಲನ್ನು ನಮ್ಮ ತಾತನಿಗೆ ಕೊಟ್ಟು ಹೋಗಿದ್ದ. ತಾತ ಅದನ್ನು ಒಂದು ದಿನವೂ ಹತ್ತಲಿಲ್ಲ, ಕೊಟ್ಟಿಗೆಯಲ್ಲಿ ಗೋಣಿತಾಟು ಹೊದಿಸಿ ಇಟ್ಟಿದ್ದ. ಅಳಿಯನಿಗೆ ಮದುವೆಯಲ್ಲಿ ಕೈಗಡಿಯಾರ, ಸೈಕಲ್ಲು ಕೊಡುವುದು ನಮ್ಮ ಕಡೆಯ ರೂಢಿ. ಎಲ್ಲರಿಗೂ ಊರ ಅಂಗಡಿಯ ಸೈಕಲ್ಲು ಸಿಕ್ಕಿದರೆ ಅಪ್ಪನಿಗೆ ಸಿಕ್ಕಿದ್ದು ಇಂಗ್ಲೆಂಡಿನದು. "ನಿಮ್ಮಪ್ಪ ಮದ್ವೆ ಆಗಿದ್ದು ಸೈಕಲ್ಲ. ನಾನು ಅದ್ರ ಜೊತ್ಗೆ ಬಂದ ಬಳುವಳಿ," ಎಂದು ಅವ್ವ ನಗಾಡುತ್ತಿದ್ದಳು. ಅಪ್ಪ ಅದನ್ನು ಅಲ್ಲಗಳೆದದ್ದು ನನಗೆ ನೆನಪಿಲ್ಲ.

ಆ ಸೈಕಲ್ಲು ಮಾಡಿದ ಕಂಪನಿಯ ಚರಿತ್ರೆ ಅಪ್ಪನಿಗೆ ಬಾಯಿಪಾಠ. ಎಂಜಿನಿಯರು ತಾತನಿಗೆ ಹೇಳಿ, ತಾತ ಅಳಿಯನಿಗೆ ಹೇಳಿ, ಅಪ್ಪ ಅದಕ್ಕೆ ತನ್ನ ಪಾಲಿನ ಉಪ್ಪುಖಾರ ಸೇರಿಸಿ ಹಳ್ಳಿ ಹಳ್ಳಿಯ ಕೊಟ್ಟಿಗೆಗಳಲ್ಲಿ ಹೇಳುತ್ತಿದ್ದ. ಇಂಗ್ಲೆಂಡಿನ ಯಾವುದೋ ಊರಿನ ಸಂದಿಯಲ್ಲಿ ನಾಲ್ಕು ಜನ ಸೇರಿ ಬೆಂಕಿ, ತಿದಿ ಇಟ್ಟುಕೊಂಡು ಸೈಕಲ್ಲಿನ ಕೊಳವೆ ಬೆಸೆಯಲು ಕೂತರಂತೆ. ನಮ್ಮ ಕುಲುಮೆಯವರ ಹಾಗೆಯೇ ಕಣ್ರಪ್ಪಾ ಅನ್ನುತ್ತಿದ್ದ. ಆಮೇಲೆ ಒಬ್ಬ ಉಳ್ಳವನು ಬಂದು ದುಡ್ಡು ಹಾಕಿದ. ಸಂದಿ ಹೋಗಿ ಬೀದಿಯಾಯಿತು, ಬೀದಿ ಹೋಗಿ ಕಾರ್ಖಾನೆಯಾಯಿತು. ಯುದ್ಧ ಬಂದಾಗ ಸೈಕಲ್ಲು ನಿಲ್ಲಿಸಿ ಮದ್ದುಗುಂಡಿನ ಸಾಮಾನು ಮಾಡಿದರು. ಯುದ್ಧ ಮುಗಿದ ಮೇಲೆ ಹಡಗು ಹಡಗು ಸೈಕಲ್ಲು ದೇಶ ದೇಶಕ್ಕೆ ಹೊರಟವು. ಪಕ್ಕದ ಕಂಪನಿಗಳನ್ನೆಲ್ಲ ಒಂದೊಂದಾಗಿ ನುಂಗಿದರು, ನುಂಗಿದ ಕಂಪನಿಗಳ ಹೆಸರನ್ನೂ ಬಿಡದೆ ಸೈಕಲ್ಲಿಗೆ ಅಂಟಿಸಿ ಮಾರಿದರು. ಕೊನೆಗೆ ಅವರ ಊರಿನವರೇ ಕಾರು ಹತ್ತಿ ಸೈಕಲ್ಲು ಇಳಿದರು. "ಅವ್ರು ಇಳುದ್ರು, ನಾನು ಹತ್ತಿದೆ," ಎಂದು ಅಪ್ಪ ಕಥೆ ಮುಗಿಸುತ್ತಿದ್ದ.

ಈಯಲು ತಿಣುಕುತ್ತಿರುವ ಎಮ್ಮೆಯ ಹಿಂದೆ ಕೂತು ಅಪ್ಪ ಈ ಕಥೆ ತೆಗೆಯುತ್ತಿದ್ದದ್ದನ್ನು ನಾನೇ ನೋಡಿದ್ದೇನೆ. ಆ ಕಥೆ ಕೇಳಲಾರದೆ ಎಮ್ಮೆಗಳು ಬೇಗ ಕರು ಹಾಕುತ್ತವೆ ಎಂದು ಅವ್ವ ಹೇಳುತ್ತಿದ್ದಳು. ಅಪ್ಪನಿಗೆ ಬೇಸರವಾಗುತ್ತಿರಲಿಲ್ಲ. ಆಯುಧಪೂಜೆಗೆ ಸೈಕಲ್ಲನ್ನು ಸೀಗೆಕಾಯಿ ಹಾಕಿ ತೊಳೆಯುತ್ತಿದ್ದ. ಮುಂದಿನ ಹಿತ್ತಾಳೆಯ ಬಿಲ್ಲೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ತಿಕ್ಕಿ ಅದರ ಇಂಗ್ಲಿಷು ಅಕ್ಷರಗಳು ಅರ್ಧ ಸವೆದಿದ್ದವು. ಬಣ್ಣವೂ ಅಲ್ಲಲ್ಲಿ ಹೋಗಿ ಕಬ್ಬಿಣ ಕಾಣುತ್ತಿತ್ತು. ಹೊಸ ಬಣ್ಣ ಹೊಡೆಸಿ ಎಂದರೆ, "ಮುದುಕ್ರಿಗೆ ಯಾರಾದ್ರೂ ಬಣ್ಣ ಬಳೀತಾರಾ?" ಎನ್ನುತ್ತಿದ್ದ.

ತೊಂಬತ್ತರ ದಶಕ ನಡುವಿಗೆ ಬರುವಷ್ಟರಲ್ಲಿ ನಮ್ಮೂರ ಹಾಲಿನ ಡೈರಿಯ ಮುಂದೆ ಸೈಕಲ್ಲಿಗಿಂತ ಮೊಪೆಡ್ಡೇ ಹೆಚ್ಚು ನಿಲ್ಲುತ್ತಿದ್ದವು. ನಾನು ನಾಗಮಂಗಲದ ಒಂದು ಶಾಲೆಯಲ್ಲಿ ಟೀಚರಾಗಿದ್ದೆ, ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಅವ್ವನಿಗೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಮೊದಮೊದಲು ಅಕ್ಕಿಯ ಕಲ್ಲು ಕಾಣುತ್ತಿಲ್ಲ ಎಂದಳು, ಆಮೇಲೆ ಸೂಜಿಯ ಕಣ್ಣು, ಆಮೇಲೆ ಎದುರು ನಿಂತವರ ಮುಖ. ಬಿಸಿಲಿದ್ದರೆ ಆಕಾರ ತಿಳಿಯುತ್ತಿತ್ತು, ಸಂಜೆಯಾದರೆ ಅದೂ ಇಲ್ಲ. ಮನೆಯೊಳಗೆ ಗೋಡೆ ಹಿಡಿದು ನಡೆಯುತ್ತಿದ್ದಳು. ಅಪ್ಪನ ಸೈಕಲ್ಲಿನ ಸದ್ದಿಗೆ ಚೊಂಬು ಹಿಡಿದು ಬರುವಾಗ ಮಾತ್ರ ಗೋಡೆ ಹಿಡಿಯುತ್ತಿರಲಿಲ್ಲ.

ಆ ವರ್ಷ ಸುಗ್ಗಿ ಕಳೆದು ಬಿಸಿಲು ಏರತೊಡಗಿದ್ದ ದಿನಗಳು. ಅಪ್ಪ ಪಕ್ಕದ ಹಳ್ಳಿಯೊಂದರಲ್ಲಿ ಹಸುವಿಗೆ ಔಷಧಿ ಕುಡಿಸಿ, ಕೈ ತೊಳೆದುಕೊಳ್ಳಲು ಬಾನಿಯ ಹತ್ತಿರ ಬಗ್ಗಿದವನು ಹಾಗೆಯೇ ಕುಸಿದನಂತೆ. ನೀರು ಬಾಯಿಗೆ ಹಾಕುವಷ್ಟರಲ್ಲಿ ಜೀವ ಹೋಗಿತ್ತು. ಆ ಊರಿನವರು ಟ್ರಾಕ್ಟರಿನಲ್ಲಿ ಹುಲ್ಲು ಹಾಸಿ ಅಪ್ಪನನ್ನು ಮಲಗಿಸಿಕೊಂಡು ಬಂದರು. ಕಾಂಪೌಂಡರ ಸೈಕಲ್ಲನ್ನು ಬಿಟ್ಟು ಬರಬಾರದೆಂದು ಯಾರೋ ಪುಣ್ಯಾತ್ಮರು ಅದನ್ನು ತಳ್ಳಿಕೊಂಡು ಅಡ್ಡದಾರಿಯಲ್ಲಿ ಮುಂದಾಗಿ ಬಂದುಬಿಟ್ಟರು. ಅರಳಿಕಟ್ಟೆಯ ಹತ್ತಿರ ಟಿಕ್ ಟಿಕ್ ಸದ್ದು ಕೇಳಿಸಿತು. ಅವ್ವ ಚೊಂಬು ಹಿಡಿದು ಬಾಗಿಲಿಗೆ ಬಂದಳು. "ಇವತ್ತು ಬ್ಯಾಗ ಬಂದ್ರಲ್ಲಾ," ಎಂದಳು.

ಸೈಕಲ್ಲು ತಂದವರು ಅದನ್ನು ಜಗಲಿಯ ಗೋಡೆಗೆ ಒರಗಿಸಿದರು. ಸ್ವಲ್ಪ ಹೊತ್ತಿಗೆ ಟ್ರಾಕ್ಟರು ಬಂತು. ಅವ್ವನನ್ನು ಹಿಡಿದುಕೊಂಡು ಹೆಂಗಸರು ಗೋಳಾಡಿದರು. ಅವ್ವ ಅಳಲಿಲ್ಲ. ಕೈಯಲ್ಲಿದ್ದ ಚೊಂಬನ್ನು ಕೆಳಗಿಡಲಿಲ್ಲ. ನಾನೇ ಅವಳ ಬೆರಳು ಬಿಡಿಸಿ ತೆಗೆದುಕೊಂಡೆ.

ಹನ್ನೊಂದರ ತಿಥಿ ಮುಗಿಯಿತು, ನೆಂಟರೆಲ್ಲ ಹೊರಟರು. ಸಂಜೆಯಾಯಿತು. ನಾನು ಬಾಗಿಲು ಹಾಕಲು ಹೋದರೆ ಅವ್ವ ಬಿಡಲಿಲ್ಲ. "ಇನ್ನೂ ಬಂದಿಲ್ವಲ್ಲವ್ವಾ," ಎಂದಳು. ಅವಳ ಬುದ್ಧಿಗೇನೋ ಆಯಿತು ಎಂದುಕೊಂಡೆ. ಹಾಗೇನೂ ಆಗಿರಲಿಲ್ಲ. ಅಪ್ಪ ಸತ್ತದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಕುಂಕುಮ ಅಳಿಸಿದವರ ಹೆಸರನ್ನೂ ಹೇಳುತ್ತಿದ್ದಳು. ಆದರೆ ಸಂಜೆಯ ಹೊತ್ತು ಬಾಗಿಲು ಹಾಕುವುದು ಅವಳಿಂದ ಆಗುತ್ತಿರಲಿಲ್ಲ. ಎರಡು ಮೂರು ದಿನ ಬಾಗಿಲು ತೆರೆದೇ ಇತ್ತು, ಅವ್ವ ಹೊಸ್ತಿಲ ಹತ್ತಿರವೇ ಕೂತಿದ್ದಳು, ತುತ್ತು ಒಳಗೆ ಹೋಗಲಿಲ್ಲ. ನನಗೂ ಸಾಕಾಗಿತ್ತು. ಕೊನೆಗೆ ಒಂದು ಸಂಜೆ ಅವಳೇ, "ಆ ಚಕ್ರನಾದ್ರೂ ಒಸಿ ತಿರುಗ್ಸು ಮಗಾ, ಸದ್ದು ಕೇಳುವಾ," ಎಂದಳು.

ಜಗಲಿಯ ಮೇಲೆ ಗೋಡೆಗೆ ಒರಗಿಸಿದ್ದ ಸೈಕಲ್ಲಿನ ಹಿಂಭಾಗ ಎತ್ತಿ ಹಿಡಿದು ಚಕ್ರ ತಿರುಗಿಸಿದೆ. ಟಿಕ್, ಟಿಕ್, ಟಿಕ್. ಮೊದಲು ಬಿರುಸಾಗಿ, ಆಮೇಲೆ ನಿಧಾನವಾಗಿ, ಅಪ್ಪ ಬಾಗಿಲ ಮುಂದೆ ಇಳಿಯುವ ಹಾಗೆ, ನಿಂತಿತು. ಅವ್ವ ಒಂದು ಉಸಿರು ಬಿಟ್ಟಳು.

"ಬಂದ್ರು. ಬಾಗ್ಲಾಕವ್ವಾ."

ನಾನು ಅಗಣಿ ಹಾಕಿದೆ. ಅವತ್ತು ಅವಳು ಉಂಡಳು.

ಅಲ್ಲಿಂದ ಅದು ದಿನದ ಕೆಲಸವಾಯಿತು. ಶಾಲೆಯಿಂದ ಬಂದು, ಹಸುವಿನ ಹಾಲು ಡೈರಿಗೆ ಹಾಕಿ, ದೀಪ ಹಚ್ಚಿ, ಚಕ್ರ ತಿರುಗಿಸಿ, ಬಾಗಿಲು ಹಾಕುವುದು. ಬೀದಿಯವರು ಮೊದಲು ಗುಸುಗುಸು ಎಂದರು. ನಾನು ಮೂಗಿನ ಮೇಲೆ ಕೋಪ ಇಟ್ಟುಕೊಂಡವಳು, ಒಬ್ಬಿಬ್ಬರಿಗೆ ಸರಿಯಾಗಿ ಅಂದೆ. ಆಮೇಲೆ ಬಾಯಿ ಮುಚ್ಚಿಕೊಂಡರು. ಹಾಗೆ ನೋಡಿದರೆ ಆ ಸದ್ದು ನನಗೂ ಬೇಕಿತ್ತು. ಅವ್ವನ ನೆಪ ಹೇಳುತ್ತಿದ್ದೆ, ಅಷ್ಟೆ.

ಅಪ್ಪನ ತಮ್ಮ, ನನ್ನ ಚಿಕ್ಕಪ್ಪ, ಕೆ.ಆರ್. ಪೇಟೆ ತಾಲ್ಲೂಕಿನ ಶೀಳನೆರೆಯ ಕಡೆ ಹೆಂಡತಿಯ ಊರಿನಲ್ಲಿ ನೆಲೆ ನಿಂತಿದ್ದ. ಎಮ್ಮೆ ಸಾಕಿ ಹಾಲು ಹಾಕುತ್ತಿದ್ದ. ಅಣ್ಣನೆಂದರೆ ಅವನಿಗೆ ಪ್ರಾಣ. ಅಪ್ಪ ಹೋದ ಮೇಲೆ ಹದಿನೈದು ದಿನಕ್ಕೊಮ್ಮೆ ಬಸ್ಸು ಹತ್ತಿ ಬಂದು, ಅತ್ತಿಗೆಯ ಹತ್ತಿರ ಕೂತು, ಅತ್ತು, ಕಾಫಿ ಕುಡಿದು ಹೋಗುತ್ತಿದ್ದ. ನಾವು ಸಂಜೆ ಚಕ್ರ ತಿರುಗಿಸುವುದು ಅವನಿಗೆ ತಿಳಿದಿರಲಿಲ್ಲ. ಮಧ್ಯಾಹ್ನ ಬಂದು ಮೂರರ ಬಸ್ಸಿಗೆ ಹೊರಡುವವನಿಗೆ ಅದು ತಿಳಿಯುವುದಾದರೂ ಹೇಗೆ?

ಪಕ್ಷದ ಹಬ್ಬ ಹತ್ತಿರವಾಯಿತು. ಹಿರಿಯರಿಗೆ ಎಡೆ ಇಡುವ ಹಬ್ಬ ಅದು. ಸತ್ತವರು ಇಷ್ಟಪಡುತ್ತಿದ್ದದ್ದನ್ನೆಲ್ಲ ಅಡುಗೆ ಮಾಡಿ, ಬಾಳೆಲೆಯಲ್ಲಿ ಬಡಿಸಿ, ಅವರಿಗೆಂದು ಹೊಸ ಬಟ್ಟೆ ತಂದು ಮುಂದಿಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರುತ್ತೇವೆ. ಹಿರಿಯರು ಬಂದು ಉಂಡು ಹೋಗಲಿ ಎಂದು. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗುವುದು. ಅಪ್ಪನಿಗೆ ಅದು ಮೊದಲನೆಯ ಎಡೆ. ಚಿಕ್ಕಪ್ಪ ಹಬ್ಬಕ್ಕೆ ಮುಂಚೆ ಬಂದು ಅವ್ವನನ್ನು ಕೇಳಿದ.

"ಅತ್ತಿಗಮ್ಮ, ಅಣ್ಣುಂಗೆ ಸೈಕಲ್ಲು ಅಂದ್ರೆ ಅಷ್ಟು ಆಸೆ. ಅದ್ನೂ ಎಡೆಗಿಡಾಣ್ವಾ?"

ಅವ್ವನಿಗೆ ಮನಸ್ಸಿರಲಿಲ್ಲ. ಎಡೆಗಿಟ್ಟರೆ ಸತ್ತವರಿಗೆ ಕೊಟ್ಟ ಹಾಗೆ. ಇಲ್ಲ ಎನ್ನುವುದಕ್ಕೂ ಬಾಯಿ ಬರಲಿಲ್ಲವೇನೋ, ಶಾಸ್ತ್ರದ ಮೇಲೆ ಹಾಕಿದಳು.

"ಬಳಸಿ ಬುಟ್ಟಿದ್ನ ಎಡೆಗಿಡ್ತಾರೇನಪ್ಪಾ? ಎಡೆಗಿಡೋದು ಹೊಸಾದಾಗಿರ್ಬೇಕು. ಹಳೇದು ಬ್ಯಾಡ ಬುಡು."

ಅದು ನಿಜವೇ. ನಮ್ಮಲ್ಲಿ ಉಟ್ಟ ಪಂಚೆಯನ್ನು ಎಡೆಗೆ ಇಡುವುದಿಲ್ಲ, ಅಂಗಡಿಯ ಮಡಿಕೆ ಬಿಚ್ಚದ ಪಂಚೆಯೇ ಆಗಬೇಕು. ಚಿಕ್ಕಪ್ಪ ತಲೆಯಾಡಿಸಿದ. ಜಗಲಿಗೆ ಹೋಗಿ ಸೈಕಲ್ಲು ಮುಟ್ಟಿ ನೋಡಿ, "ಅಂಗಾದ್ರೆ ಸೈಕಲ್ಲ ಒಸಿ ರಿಪೇರಿ ಮಾಡಿಸ್ಕ ಬತ್ತೀನಿ, ತುಕ್ಕಿಡಿತಾ ಅದೆ," ಎಂದ. ಅಣ್ಣನ ವಸ್ತುವಿನ ಮೇಲೆ ತಮ್ಮನಿಗೂ ಅಷ್ಟು ಹಕ್ಕಿದೆ. ನಾನು ಶಾಲೆಯಲ್ಲಿದ್ದೆ, ಇದೆಲ್ಲ ಆಮೇಲೆ ಅವ್ವನ ಬಾಯಿಂದ ಕೇಳಿದ್ದು. ಅವ್ವ ಹೂಂ ಎಂದಿದ್ದಳು. ಅವನು ಅದನ್ನು ಬಸ್ಸಿನ ಮೇಲೆ ಹಾಕಿಕೊಂಡು ಹೊರಟುಹೋಗಿದ್ದ.

ಸೈಕಲ್ಲಿಲ್ಲದ ಆ ಕೆಲವು ಸಂಜೆ ಬಾಗಿಲು ತೆರೆದೇ ಇತ್ತು. "ರಿಪೇರಿಗೋಗ್ಯದೆ, ಬತ್ತದೆ," ಎಂದು ಅವ್ವ ನನಗೇ ಸಮಾಧಾನ ಹೇಳುತ್ತಿದ್ದಳು. ಅವಳಿಗೆ ನಿದ್ದೆ ಹತ್ತಿದ ಮೇಲೆ ನಾನು ಸದ್ದಾಗದಂತೆ ಅಗಣಿ ಎಳೆಯುತ್ತಿದ್ದೆ.

ಹಬ್ಬದ ದಿನ ಮಧ್ಯಾಹ್ನ ಚಿಕ್ಕಪ್ಪ ಟೆಂಪೋದಲ್ಲಿ ಬಂದ. ಹಿಂದೆ ಬಿಳಿ ದುಪ್ಪಟಿ ಹೊದಿಸಿದ ಸೈಕಲ್ಲು. ಅವನ ಮುಖ ನೋಡಬೇಕಿತ್ತು, ಮದುವೆ ಗಂಡಿನ ಮುಖದ ಹಾಗಿತ್ತು. ಜಗಲಿಯ ಮೇಲೆ ನಿಲ್ಲಿಸಿ ದುಪ್ಪಟಿ ಎಳೆದ. ಕಪ್ಪು ಬಣ್ಣ ಮಿರಮಿರ ಮಿಂಚುತ್ತಿತ್ತು. ಹೊಸ ಸೀಟು, ಹೊಸ ಟೈರು, ಹೊಸ ಮಡ್‌ಗಾರ್ಡು, ಹ್ಯಾಂಡಲ್ಲಿಗೆ ಬಣ್ಣದ ಕುಚ್ಚು. ಹಿತ್ತಾಳೆಯ ಬಿಲ್ಲೆಯೊಂದೇ ಹಳೆಯದು.

"ನೀವು ಯೋಳಿದ್ರಲ್ಲ ಅತ್ತಿಗಮ್ಮ, ಎಡೆಗೆ ಹೊಸಾದಾಗ್ಬೇಕು ಅಂತ. ಶ್ರೀರಂಗಪಟ್ಟಣದಲ್ಲಿ ಕೊಟ್ಟು ಪೂರಾ ಹೊಸಾದು ಮಾಡಿಸ್ಬುಟ್ಟೆ ನೋಡಿ."

ಅವ್ವ ಸೈಕಲ್ಲನ್ನು ಮುಟ್ಟಿ ನೋಡಿದಳು. ಸೀಟಿನ ಮೇಲೆ ಕೈ ಆಡಿಸಿದಳು, ಬಣ್ಣದ ವಾಸನೆಗೆ ಮೂಗು ಅರಳಿಸಿದಳು. ಪಾಪ, ಸಂತೋಷವೇ ಪಟ್ಟಳು. "ಚೆಂದಾಗ್ ಮಾಡ್ಸಿದಿಯ ಕಣಪ್ಪಾ," ಎಂದಳು. ನನ್ನ ಕಡೆ ತಿರುಗಿ, "ಎಲ್ಲಿ ಮಗಾ, ತಿರುಗ್ಸು," ಎಂದಳು.

ನಾನು ಎತ್ತಿ ತಿರುಗಿಸಿದೆ. ಕಿರ್ರ್ ಎಂದಿತು. ಬೀದಿಯ ಯಾವ ಸೈಕಲ್ಲಾದರೂ ಮಾಡುವ ಸದ್ದು.

"ಸರ್ಯಾಗ್ ತಿರುಗ್ಸವ್ವಾ."

ಇನ್ನೊಮ್ಮೆ ತಿರುಗಿಸಿದೆ. ಕಿರ್ರ್. ಚಿಕ್ಕಪ್ಪ ಇದೇನೆಂದು ತಿಳಿಯದೆ ಉತ್ಸಾಹದಿಂದ ಹೇಳಿದ, "ಆ ಗೇರು ಸವೆದೋಗಿತ್ತು, ಟಿಕಟಿಕ ಅಂತಿತ್ತು. ಅದ್ಕೇ ಹಿಂದ್ಗಡೆ ಚಕ್ರಾನೇ ಕಿತ್ತಾಕಿ ಹೊಸಾದು ಹಾಕ್ಸ್‌ದೆ. ಈಗ ನೋಡಿ, ಬೆಣ್ಣೆ ತಿರುಗ್ದಂಗೆ ತಿರುಗ್ತದೆ."

ಅವನ ಮೇಲೆ ನನಗೆ ಬಂದ ಸಿಟ್ಟನ್ನು ಇವತ್ತಿಗೂ ನೆನೆಯಲು ಹೆದರುತ್ತೇನೆ. ಬಾಯಿ ತೆರೆದಿದ್ದೆ. ಅವ್ವ ನನ್ನ ಮೊಣಕೈ ಹಿಡಿದಳು, ಉಗುರು ನಾಟುವ ಹಾಗೆ. "ಎಡೆ ಹೊತ್ತಾಯ್ತದೆ, ಒಲೆ ನೋಡೋಗು," ಎಂದಳು.

ಎಡೆ ಇಟ್ಟೆವು. ಮುದ್ದೆ, ಕೋಳಿಸಾರು, ಕಜ್ಜಾಯ, ಅಪ್ಪ ಜೇಬಿನಲ್ಲೇ ಇಟ್ಟುಕೊಂಡು ತಿನ್ನುತ್ತಿದ್ದ ಕಡಲೆಪುರಿ. ಪಕ್ಕದಲ್ಲಿ ಹೊಸ ಪಂಚೆ, ಅದರ ಪಕ್ಕದಲ್ಲಿ ಸೈಕಲ್ಲು. ಬಾಗಿಲು ಮುಚ್ಚಿ ಜಗಲಿಯಲ್ಲಿ ಕೂತೆವು. ಸೂರ್ಯ ಇಳಿಯುತ್ತಿದ್ದ. ಅಕ್ಕಪಕ್ಕದ ಮನೆಗಳವರು ಬಾಗಿಲು ತಟ್ಟಿ ಒಳಗೆ ಹೋಗುವುದು ಕೇಳಿಸಿತು. ಚಿಕ್ಕಪ್ಪ ತಟ್ಟಲು ಎದ್ದ.

"ತಟ್ಬ್ಯಾಡ ಕಣಪ್ಪಾ," ಎಂದಳು ಅವ್ವ. "ಅವ್ರಿನ್ನೂ ಬಂದಿಲ್ಲ."

ನಾವು ಕೂತೆವು. ಒಳಗೆ ಸಾರು ಆರಿತು. ಅವ್ವ ಕಿವಿ ಅರಳಿಕಟ್ಟೆಯ ಕಡೆ ಕೊಟ್ಟು ಕೂತೇ ಇದ್ದಳು. ಆಗ ನಾನು ಚಿಕ್ಕಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವ್ವನ ಎದುರಿಗೇ, ಸಣ್ಣ ದನಿಯಲ್ಲಿ, ಸಂಜೆಯ ಸದ್ದು, ಬಾಗಿಲು, ಅಗಣಿ, ಎಲ್ಲವನ್ನೂ. ಅವನು ತಲೆಯ ಮೇಲೆ ಕೈ ಹೊತ್ತುಕೊಂಡು ಕೂತುಬಿಟ್ಟ. "ನಂಗೆ ಯಾರೂ ಯೋಳ್ನಿಲ್ವಲ್ಲವ್ವಾ," ಎಂದ. ಅವ್ವ ಅವನ ಬೆನ್ನು ತಡವಿ, "ನಿನ್ನ ತಪ್ಪಲ್ಲ ಕಣ್ಲಾ. ಹೊಸಾದು ಬೇಕು ಅಂದೋಳು ನಾನೇ," ಎಂದಳು. ಅವ್ವ ಮೈದುನನನ್ನು ಲಾ ಎಂದು ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ರಾತ್ರಿಯಾದ ಮೇಲೆ ಬಾಗಿಲು ತಟ್ಟದೆಯೇ ತಳ್ಳಿಕೊಂಡು ಒಳಗೆ ಹೋದೆವು. ಮರುದಿನ ಬೆಳಿಗ್ಗೆಯೇ ಚಿಕ್ಕಪ್ಪನೂ ನಾನೂ ಶ್ರೀರಂಗಪಟ್ಟಣಕ್ಕೆ ಹೋದೆವು. ಸೈಕಲ್ಲಿನ ಅಂಗಡಿಯವರು ವಯಸ್ಸಾದ ಸಾಹೇಬರು. ಹಳೆಯ ಚಕ್ರ ಎಂದ ಕೂಡಲೇ ಅವರ ಮುಖ ಇಳಿಯಿತು. ಗುಜರಿಯವನು ಮೊನ್ನೆಯೇ ಗಾಡಿ ತುಂಬಿಕೊಂಡು ಹೋಗಿದ್ದ. ಅವನ ಮನೆಗೂ ಹೋದೆವು. ಕಬ್ಬಿಣವೆಲ್ಲ ಲಾರಿಗೆ ಏರಿ, ಕರಗಿಸುವ ಕಡೆಗೆ ಹೊರಟಾಗಿತ್ತು. ವಾಪಸ್ಸು ಬಂದು ಸಾಹೇಬರನ್ನೇ ಕೇಳಿದೆ, ಅಂಥದೇ ಇನ್ನೊಂದು ಗೇರ್ ಹಬ್ಬು ಎಲ್ಲಿಂದಲಾದರೂ ತರಿಸಿಕೊಡಿ ಎಂದು.

"ಎಲ್ಲಿಂದ ತರ್ಸೋದು ಬೇಟಿ? ಆ ಕಂಪ್ನಿ ಅಂಥ ಮಾಲು ಕಳ್ಸೋದು ನಿಲ್ಸಿ ಜಮಾನಾ ಆಯ್ತು. ಈಗ ಅಲ್ಲಿ ಮಾಲೀಕರೂ ಬೇರೆ ಅಂತಾರೆ. ನಾಮ್ ಒಂದೈತೆ, ಅಷ್ಟೇ."

ಆ ದೊಡ್ಡ ಕಾರ್ಖಾನೆಯನ್ನೂ ಕೆಡವಿದರಂತೆ ಎಂದು ಎಷ್ಟೋ ವರ್ಷದ ಮೇಲೆ ಪತ್ರಿಕೆಯಲ್ಲಿ ಓದಿದೆ. ಹೆಸರು ಮಾತ್ರ ಉಳಿದಿದೆ, ಸೈಕಲ್ಲು ಬೇರೆ ಎಲ್ಲೋ ತಯಾರಾಗುತ್ತವೆ ಎಂದಿತ್ತು. ಅಪ್ಪ ಇದ್ದಿದ್ದರೆ ಕಥೆಗೆ ಈ ಕೊನೆಯನ್ನು ಹೇಗೆ ಸೇರಿಸುತ್ತಿದ್ದನೋ ಗೊತ್ತಿಲ್ಲ. ಅವತ್ತು ಆ ಅಂಗಡಿಯ ಮುಂದೆ ನಿಂತಾಗ ನನಗೆ ಕಂಪನಿಯ ಯೋಚನೆ ಇರಲಿಲ್ಲ. ಸಂಜೆಯಾದರೆ ಮನೆಗೆ ಹೋಗಬೇಕಲ್ಲ ಎಂಬುದೇ ದೊಡ್ಡ ಚಿಂತೆಯಾಗಿತ್ತು.

ಸಾಹೇಬರು ಚಹಾ ತರಿಸಿದರು, ನಾವು ಕುಡಿಯಲಿಲ್ಲ. ಚಿಕ್ಕಪ್ಪ ಪಾಂಡವಪುರದ ಎರಡು ಅಂಗಡಿಗಳಲ್ಲೂ ಕೇಳೋಣ ಎಂದ. ಅಲ್ಲಿಯೂ ಇಳಿದು ಕೇಳಿದೆವು. ಒಬ್ಬ ಹುಡುಗ ಗೇರಿನ ಸೈಕಲ್ಲು ಬೇಕೇ ಎಂದು ಬಣ್ಣಬಣ್ಣದ ಹೊಸದೊಂದನ್ನು ತೋರಿಸಿದ. ಚಿಕ್ಕಪ್ಪ ಅದನ್ನೂ ಎತ್ತಿ, ಚಕ್ರ ತಿರುಗಿಸಿ, ಕಿವಿಯಿಟ್ಟು ಕೇಳಿದ. ನಾನು ಮುಖ ಆ ಕಡೆ ಮಾಡಿಕೊಂಡೆ.

ಊರು ಸೇರಿದಾಗ ದೀಪ ಹಚ್ಚುವ ಹೊತ್ತು. ಅರಳಿಕಟ್ಟೆಯಿಂದ ನಡೆದು ಬಂದೆವು. ಅವ್ವ ಹೊಸ್ತಿಲಲ್ಲಿ ಕೂತಿದ್ದಳು, ಪಕ್ಕದಲ್ಲಿ ನೀರು ತುಂಬಿದ ಚೊಂಬು. ಅಪ್ಪ ಹೋದ ಮೇಲೆ ಆ ಚೊಂಬು ಬಾಗಿಲಿಗೆ ಬಂದಿರಲಿಲ್ಲ. ನಮ್ಮ ಹೆಜ್ಜೆಯ ಸದ್ದಿಗೆ ಮುಖ ಎತ್ತಿದಳು.

"ಸಿಕ್ತಾ?"

ಚಿಕ್ಕಪ್ಪ ಹೇಳಿದ, "ಇಲ್ಲ ಅತ್ತಿಗಮ್ಮ."

ಅವ್ವ ಚೊಂಬನ್ನು ಅವನ ಕಡೆ ಸರಿಸಿದಳು. "ಕಾಲ್ ತೊಳ್ಕೊಂಡು ಒಳಿಕ್ ಬಾಪ್ಪಾ. ಬೆಳಗಿಂದ ಉಂಡಿಲ್ಲ ನೀವು." ಅವನು ಬಿಕ್ಕುತ್ತಾ ಕಾಲು ತೊಳೆದ. ನಾನೂ ತೊಳೆದೆ. ಇಬ್ಬರೂ ಒಳಗೆ ಬಂದೆವು. ನಡುಮನೆಯಲ್ಲಿ ಹೊಸ ಬಣ್ಣದ ಸೈಕಲ್ಲು ಎಡೆಯ ಹೂವಿನ ಹಾರ ಹಾಕಿಕೊಂಡು ನಿಂತಿತ್ತು.

ಬಾಗಿಲ ಮಾತು ನಾನಂತೂ ಎತ್ತಲಿಲ್ಲ. ಅವ್ವನೇ ಗೋಡೆ ಹಿಡಿದುಕೊಂಡು ಎದ್ದಳು. ಹೊಸ್ತಿಲವರೆಗೆ ಹೋಗಿ, ಎರಡೂ ಕದಗಳನ್ನು ಕೈಯಲ್ಲಿ ಹುಡುಕಿ ಎಳೆದಳು. ಅಗಣಿ ಸಿಗಲು ತುಸು ಹೊತ್ತಾಯಿತು, ಆ ಮನೆಗೆ ಬಂದ ಮೇಲೆ ಅದನ್ನು ಅವಳು ಎಂದೂ ಸಂಜೆ ತಾನಾಗಿ ಹಾಕಿದವಳಲ್ಲ. ಸಿಕ್ಕಿದ ಮೇಲೆ ಹಾಕಿದಳು. ಹಾಕಿ, ಕದಕ್ಕೆ ಹಣೆಯಿಟ್ಟು, ಅವತ್ತು ಟ್ರಾಕ್ಟರು ಬಂದಾಗ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಅತ್ತಳು.

ಅಪ್ಪ ಇನ್ನೂ ಬಂದಿರಲಿಲ್ಲ.